ಅವರೆಕಾಯಿ ಚೀಲ ಹೊತ್ತು ದಂಡಿಗೆ

ಡಿಸೆಂಬರ್ 23ರ ರಾತ್ರಿ ಕೆ.ಆರ್. ಪುರದ ತೂಗುಸೇತುವೆಯ ಬುಡದಲ್ಲಿ ಅರ್ಧ ಗಂಟೆ ನಿಂತು ನೋಡಬೇಕು. ಬೆನ್ನಿಗೊಂದು ಎದೆಗೊಂದು ಬ್ಯಾಗು ನೇತುಹಾಕಿಕೊಂಡ ಹುಡುಗರು, ಸೂಟ್‌ಕೇಸಿನ ಮೇಲೆ ನಿದ್ದೆಗಣ್ಣಿನ ಮಗುವನ್ನು ಕೂರಿಸಿಕೊಂಡ ದಂಪತಿ, ಪೇಂಟಿನ ಡಬ್ಬದಲ್ಲಿ ಪಾತ್ರೆಪಗಡೆ ತುಂಬಿ ಬಾಯಿಗೆ ಟವೆಲ್ ಬಿಗಿದುಕೊಂಡ ಗಾರೆ ಕೆಲಸದವರು. ಕೋಲಾರ, ಮುಳಬಾಗಿಲು, ಚಿತ್ತೂರು, ತಿರುಪತಿ ಎಂದು ಬಾಗಿಲಲ್ಲಿ ಜೋತುಬಿದ್ದು ಕೂಗುವ ಕಂಡಕ್ಟರುಗಳು. ಟಿನ್ ಫ್ಯಾಕ್ಟರಿಯಿಂದ ಇಲ್ಲಿಯವರೆಗೆ ವಾಹನಗಳ ಕೆಂಪು ದೀಪದ ಸಾಲು ಕದಲುವುದೇ ಇಲ್ಲ. ಇಡೀ ಪೂರ್ವ ಬೆಂಗಳೂರು ಅವತ್ತು ಊರಿಗೆ ಹೊರಟಿರುತ್ತದೆ.

ಹೋದ ಸಲ ಹೀಗೇ ನಿಂತಿದ್ದಾಗ ಒಬ್ಬ ಹುಡುಗ ಪಕ್ಕಕ್ಕೆ ಬಂದ. ತಿರುಪತಿ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಿದ, ತೋರಿಸಿದೆ. ಹೊತ್ತು ಹೋಗಲೆಂದು ಮಾತು ಮುಂದುವರಿಸಿದ.

"ನೀವು ಯಾವೂರಿಗೆ ಸಾರ್?"

"ನಮ್ಮೂರು ಇದೇ ಕಣಪ್ಪ."

"ಅಲ್ಲ ಸಾರ್, ಸ್ವಂತ ಊರು?"

"ಇದೇ ಅಂದ್ನಲ್ಲ."

ಅವನು ನಕ್ಕು ಸುಮ್ಮನಾದ. ನಂಬಲಿಲ್ಲ ಎಂದು ಮುಖದಲ್ಲೇ ಬರೆದಿತ್ತು. ಬೆಂಗಳೂರು ಯಾರಿಗೂ ಸ್ವಂತ ಊರಾಗಿರಲು ಸಾಧ್ಯವಿಲ್ಲ, ಎಲ್ಲರೂ ಎಲ್ಲಿಂದಲೋ ಬಂದವರೇ ಎಂಬ ನಂಬಿಕೆ ಈಗ ಎಷ್ಟು ಗಟ್ಟಿಯಾಗಿದೆಯೆಂದರೆ, ಇಲ್ಲೇ ಹುಟ್ಟಿದ ನನ್ನಂಥವರು ಏನೋ ಮುಚ್ಚಿಡುತ್ತಿದ್ದಾರೆ ಎನ್ನುವಂತೆ ನೋಡುತ್ತಾರೆ.

ಅಪ್ಪನಿಗೆ ಚಿಂತಾಮಣಿ ಕಡೆ ಒಂದು ಊರಿತ್ತು. ಅಜ್ಜ ಹೋದ ಮೇಲೆ ಮನೆ ಬಿತ್ತು, ಜಮೀನು ಪಾಲಾಗಿ ಮಾರಿಹೋಯಿತು. ಅಷ್ಟು ಹೊತ್ತಿಗೆ ಅಪ್ಪ ಐಟಿಐ ಕಾರ್ಖಾನೆ ಸೇರಿಯಾಗಿತ್ತು. ಐಟಿಐ ಎಂದರೆ ಈಗಿನ ಮಕ್ಕಳಿಗೆ ಬೇರೇನೋ ಹೊಳೆಯುತ್ತದೆ. ಇದು ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. 1948ರಲ್ಲಿ ಶುರುವಾದದ್ದು, ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ. ದೇಶದ ಕಚೇರಿಗಳ ಮೇಜಿನ ಮೇಲೆ ಕೂತಿರುತ್ತಿದ್ದ ಆ ದಪ್ಪ ಕರಿ ಡಯಲ್ ಫೋನು ಹುಟ್ಟಿದ್ದು ಇಲ್ಲಿ. ಕಾರ್ಖಾನೆಯ ಸುತ್ತ ಎದ್ದ ಕಾಲೊನಿಗೆ ದೂರವಾಣಿನಗರ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ, ಅವನಿಗೆ ಕನ್ನಡವೂ ಬರುತ್ತಿತ್ತು, ರಸಿಕತೆಯೂ ಇತ್ತು. ನಾನು ಹುಟ್ಟಿದ್ದು ಅಲ್ಲಿ. ಸೈರನ್ ಕೇಳಿ ಎದ್ದು, ಸೈರನ್ ಕೇಳಿ ಉಂಡು ಬೆಳೆದವನು.

ಹಾಗಾಗಿ ವರ್ಷದ ಕೊನೆಯ ವಾರ ನನ್ನ ಊರಿನ ಪ್ರಯಾಣ ಎಲ್ಲರಿಗೂ ಉಲ್ಟಾ. ಜನ ಪೂರ್ವಕ್ಕೆ, ಮದ್ರಾಸ್ ರಸ್ತೆ ಹಿಡಿದು ಹೋದರೆ ನಾನು ಪಶ್ಚಿಮಕ್ಕೆ ಹೊರಡುತ್ತೇನೆ. 24ರ ಬೆಳಗಿನ ಜಾವ ಕೆ.ಆರ್. ಪುರದಲ್ಲಿ ಒಂದು ಚೀಲ ಅವರೆಕಾಯಿ ಕೊಳ್ಳುವುದು, ಸಂಜೆಯೊಳಗೆ ಲಿಂಗರಾಜಪುರದ ಒಂದು ಮನೆಗೆ ಅದನ್ನು ಮುಟ್ಟಿಸುವುದು. ನೇರ ಹೋದರೆ ಅರ್ಧ ಗಂಟೆಯ ದಾರಿ. ನಾನು ಇಡೀ ದಿನ ತೆಗೆದುಕೊಳ್ಳುತ್ತೇನೆ.

ಅವರೆಕಾಯಿಯ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರವಿದೆ. ಬಸವನಗುಡಿ ಕಡೆಯವರಿಗೆ ಕಾರ್ತಿಕದ ಕಡಲೆಕಾಯಿ ಪರಿಷೆ ಇದ್ದರೆ ಇರಲಿ. ಹೊಸಕೋಟೆ, ಮಾಲೂರು, ಕೋಲಾರದ ಹೊಲಗಳ ಕಾಯಿ ಬೆಂಗಳೂರಿಗೆ ಬರುವಾಗ ಮೊದಲು ಸಿಗುವ ಬಾಗಿಲು ನಮ್ಮದು. ಸಂತೆಯಲ್ಲಿ ಗೋಣಿತಾಟು ಹಾಸಿ ಕೂತ ಹೆಂಗಸರು ತಲೆಗೆ ಮಫ್ಲರ್ ಸುತ್ತಿ, ಒಂದು ಕೈಯಲ್ಲಿ ಟೀ ಹಿಡಿದು, ಇನ್ನೊಂದು ಕೈಯಲ್ಲಿ ಕಾಯಿ ಕೆದಕುತ್ತಿರುತ್ತಾರೆ. ಮುಟ್ಟಿದರೆ ಬೆರಳಿಗೆ ಎಣ್ಣೆಯಂತೆ ಜಿಡ್ಡು ಹತ್ತಬೇಕು, ಮೂಸಿದರೆ ಮೂಗಿನ ತುದಿಯಲ್ಲಿ ಘಮ್ಮೆನ್ನಬೇಕು. ಅದೇ ಸೊಗಡು. ಇಬ್ಬನಿ ಚೆನ್ನಾಗಿ ಬಿದ್ದ ವರ್ಷ ಸೊಗಡು ಹೆಚ್ಚು ಎನ್ನುತ್ತಾರೆ ಮಾರುವವರು. "ಸೊಗಡಿದೆಯೇನಮ್ಮ?" ಎಂದು ಕೇಳಿದರೆ, "ಚೀಲ ಬಿಚ್ಚಿದ್ರೆ ನಿಮ್ಮ ಪಕ್ಕದ ಮನೆಯವ್ರು ಬತ್ತಾರೆ, ತಗೊಂಡೋಗಣ್ಣ" ಎಂಬ ಉತ್ತರ. ಚೌಕಾಸಿ ಮಾಡುವ ಮನಸ್ಸು ಅಲ್ಲಿಗೇ ಮುಗಿಯುತ್ತದೆ.

ಆ ಚೀಲ ಹಿಡಿದು ಮೆಟ್ರೊ ಹತ್ತುವುದೇ ಒಂದು ತಮಾಷೆ. ಹವಾನಿಯಂತ್ರಿತ ಬೋಗಿಯಲ್ಲಿ ಸೊಗಡು ಎರಡು ನಿಮಿಷಕ್ಕೆ ಹರಡುತ್ತದೆ. ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡವರು ಸುತ್ತ ನೋಡುತ್ತಾರೆ. ಹೋದ ಸಲ ಒಬ್ಬ ಹುಡುಗಿ ಮೂಗು ಹಿಡಿದುಕೊಂಡು ಎದ್ದು ಆಚೆ ಹೋದಳು. ಖಾಲಿಯಾದ ಜಾಗಕ್ಕೆ ಒಬ್ಬ ಅಜ್ಜಿ ಬಂದು ಕೂತು, ಚೀಲದೊಳಗೇ ಕೈ ಹಾಕಿ ಒಂದು ಕಾಯಿ ಬಿಡಿಸಿ ನೋಡಿ, "ಇನ್ನೊಂದೆರಡು ದಿನ ಬಿಟ್ಟಿದ್ರೆ ಬಲೀತಿತ್ತು" ಎಂದು ತೀರ್ಪು ಕೊಟ್ಟರು. ಬಿಡಿಸಿದ ಕಾಳನ್ನು ವಾಪಸು ಚೀಲಕ್ಕೇ ಹಾಕಿದರು.

ಈ ಮೆಟ್ರೊ ನಮಗೆ ಸಿಕ್ಕಿದ್ದು ಸುಲಭಕ್ಕಲ್ಲ. ನಗರದ ಮೊದಲ ಮೆಟ್ರೊ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದ್ದು 2011ರ ಅಕ್ಟೋಬರ್‌ನಲ್ಲಿ. ಬೈಯಪ್ಪನಹಳ್ಳಿ ದಾಟಿ ಒಂದು ರೈಲು ಹಳಿ ಹಾರಿದರೆ ನಾವಿದ್ದೇವೆ. ಆ ಹಳಿ ಹಾರಲು ಮತ್ತೆ 12 ವರ್ಷ ಹಿಡಿಯಿತು. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್ ಕಡೆಗೆ ರೈಲು ಬಿಟ್ಟರು, ಬೈಯಪ್ಪನಹಳ್ಳಿಗೆ ಮಾತ್ರ ಕೊಂಡಿ ಹಾಕಿರಲಿಲ್ಲ. ಆರೂವರೆ ತಿಂಗಳ ಕಾಲ ಮೆಟ್ರೊ ಇಳಿದು ಬಸ್ಸು ಹತ್ತಿ ಮತ್ತೆ ಮೆಟ್ರೊ ಹತ್ತಿದೆವು. ಅಕ್ಟೋಬರ್‌ನಲ್ಲಿ ಕೊಂಡಿ ಕೂಡಿದ ದಿನ ಬೆನ್ನಿಗಾನಹಳ್ಳಿಯ ಉಕ್ಕಿನ ಸೇತುವೆ ಮೇಲೆ ರೈಲು ಹೋಗುವಾಗ ಕೆಳಗಿನ ಹಳೇ ರೈಲು ಹಳಿಯನ್ನು ಬಗ್ಗಿ ನೋಡಿದೆ.

ಆ ಹಳಿ ಈ ಸೀಮೆಗೆಲ್ಲ ಹಿರಿಯಣ್ಣ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ಮೊದಲ ರೈಲು ಬಂದದ್ದು ಅದರ ಮೇಲೆಯೇ. ಬಂದು ನಿಂತದ್ದು ಪೇಟೆಯ ಕಡೆ ಅಲ್ಲ, ದಂಡಿನಲ್ಲಿ. ಕಂಟೋನ್ಮೆಂಟ್ ಎನ್ನಲು ನಾಲಿಗೆ ತಿರುಗದ ನಮ್ಮ ಹಿರಿಯರಿಗೆ ಅದು ಯಾವಾಗಲೂ ದಂಡು. ಶ್ರೀರಂಗಪಟ್ಟಣದ ಜ್ವರ, ಸೊಳ್ಳೆ ತಾಳಲಾರದೆ ಬ್ರಿಟಿಷರು ಸೇನೆಯನ್ನು ಇಲ್ಲಿಗೆ ತಂದು 1809ರಲ್ಲಿ ದಂಡು ಕಟ್ಟಿದರು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಮರಳಿಸಿದಾಗಲೂ ದಂಡನ್ನು ಮಾತ್ರ ಕೈಯಲ್ಲೇ ಇಟ್ಟುಕೊಂಡರು. 1947ರವರೆಗೆ ಕಬ್ಬನ್ ಪಾರ್ಕಿನ ಆಚೆ ಮಹಾರಾಜರ ಊರು, ಈಚೆ ಬ್ರಿಟಿಷ್ ರೆಸಿಡೆಂಟರ ಊರು. ಎರಡಕ್ಕೂ ಸೇರಿ ಒಂದು ನಗರಪಾಲಿಕೆಯಾದದ್ದು 1949ರಲ್ಲಿ. ಕಾಗದದ ಮೇಲೆ ಕೂಡಿದ ಊರುಗಳು ಹಬ್ಬದ ದಿನ ಮತ್ತೆ ಬೇರೆಯಾಗುತ್ತವೆ ಎಂದು ನನ್ನ ಅನುಮಾನ. ಜಯನಗರದ ನನ್ನ ಭಾವನಿಗೆ ಡಿಸೆಂಬರ್ 25 ಒಂದು ರಜೆ, ಅಷ್ಟೇ.

ಚಿಕ್ಕಂದಿನಲ್ಲಿ ನನ್ನನ್ನು ಆ ಹಳಿಯ ಮೇಲೆ ದಂಡಿನ ಕಡೆಗೆ ಮೊದಲು ಕರೆದೊಯ್ದವರು ಎದುರು ಕ್ವಾರ್ಟರ್ಸಿನ ಟೀಚರ್ ಆಂಟಿ. ಕಾಕ್ಸ್ ಟೌನಿನ ತಮಿಳು ಕ್ಯಾಥೊಲಿಕ್ ಮನೆಯವರು, ಅಂಕಲ್ ಅಪ್ಪನ ಜತೆಯ ಕೆಲಸಗಾರರು. ಅಮ್ಮ ಅವರನ್ನು ಟೀಚರಮ್ಮ ಎನ್ನುತ್ತಿದ್ದಳು, ನಾನು ಅದಕ್ಕೆ ಆಂಟಿ ಸೇರಿಸಿ ಟೀಚರ್ ಆಂಟಿ ಎಂದೆ. ಆಗ ನಮ್ಮಂಥವರ ಮನೆಯಲ್ಲಿ ಓವನ್ ಎಲ್ಲಿತ್ತು? ಕ್ರಿಸ್‌ಮಸ್ ಕೇಕಿಗೆ ಹಿಟ್ಟು ಮನೆಯಲ್ಲಿ ಕಲಸಿ, ಟಿನ್ನಿಗೆ ತುಂಬಿ, ಬೇಕರಿಯ ಭಟ್ಟಿಗೆ ಕೊಟ್ಟು ಸುಡಿಸಿಕೊಂಡು ಬರಬೇಕು. ಆ ದಿನಗಳಲ್ಲಿ ದಂಡಿನ ಬೇಕರಿಗಳ ಹಿಂಬಾಗಿಲಲ್ಲಿ ಟಿನ್ ಹಿಡಿದವರ ಸಾಲು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಆಂಟಿಯ ಎರಡು ಟಿನ್ನುಗಳನ್ನು ವೈರ್ ಬ್ಯಾಗಿನಲ್ಲಿ ಅಲುಗಿಸದೆ ಹಿಡಿದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಕೆ.ಆರ್. ಪುರದಲ್ಲಿ ಪ್ಯಾಸೆಂಜರ್ ಹತ್ತಿ ಬೆಂಗಳೂರು ಪೂರ್ವ ಸ್ಟೇಷನ್ನಿನಲ್ಲಿ ಇಳಿದೆವು. ಟಿನ್ನಿನ ಮೇಲೆ ಮೈದಾ ಅಂಟಿನಿಂದ ಹೆಸರಿನ ಚೀಟಿ ಅಂಟಿಸಿದ್ದರು. ಸಂಜೆ ವಾಪಸು ಪಡೆಯಲು ಹೋದರೆ ಚೀಟಿಗಳೆಲ್ಲ ಸುಟ್ಟು ಕರಕಲು. "ಇದೇ ನಿಂದು ತಗೋಮ್ಮಾ" ಎಂದು ಎರಡು ಟಿನ್ ಕೊಟ್ಟರು. ಮನೆಗೆ ಬಂದು ಕೊಯ್ದು ನೋಡಿದರೆ ಒಂದು ನಮ್ಮದು. ಇನ್ನೊಂದರಲ್ಲಿ ಗೋಡಂಬಿ, ಚೆರ್ರಿ, ಕಿತ್ತಳೆ ಸಿಪ್ಪೆ, ಮೇಲೆ ಮೂಗಿಗೆ ಅಡರುವ ರಮ್ಮಿನ ವಾಸನೆ. ನಮ್ಮದರಲ್ಲಿ ಒಣದ್ರಾಕ್ಷಿ ಮತ್ತು ಪೇಠ ಬಿಟ್ಟರೆ ಏನೂ ಇರಲಿಲ್ಲ. ಅಂಕಲ್ ಒಂದು ತುಂಡು ತಿಂದು, ಹೇಳಿದ್ದು ಒಂದೇ ಮಾತು: "ನಮ್ಮ ಕೇಕು ಸಿಕ್ಕಿದವರ ಗತಿ ಏನು?"

ಆ ಟಿನ್ನಿನ ಕಥೆ ಇನ್ನೂ ಮುಗಿದಿಲ್ಲ. ದಾರಿ ಇದೆ, ಆಮೇಲೆ ಹೇಳುತ್ತೇನೆ.

ಇಂದಿರಾನಗರದಲ್ಲಿ ನಾನು ಇಳಿಯುವುದು ಇಡ್ಲಿಗೆ ಮಾತ್ರ. 100 ಅಡಿ ರಸ್ತೆಯ ಎರಡೂ ಕಡೆ ಹಬ್ಬದ ವಾರ ಮರಗಳಿಗೆಲ್ಲ ಸೀರಿಯಲ್ ಸೆಟ್ ಸುತ್ತುತ್ತಾರೆ, ಚೆನ್ನಾಗಿಯೇ ಕಾಣುತ್ತದೆ, ಮರಗಳಿಗೆ ಹೇಗನ್ನಿಸುತ್ತದೋ. ರಾಹುಲ್ ದ್ರಾವಿಡ್ 2021ರಲ್ಲಿ ಒಂದು ಜಾಹೀರಾತಿಗಾಗಿ ಟ್ರಾಫಿಕ್ ನಡುವೆ ಎದ್ದು ನಿಂತು ತನ್ನನ್ನು ಇಂದಿರಾನಗರದ ಗೂಂಡಾ ಎಂದು ಕೂಗಿಕೊಂಡ ಮೇಲೆ ಈ ಬಡಾವಣೆಗೆ ದೇಶವ್ಯಾಪಿ ಕೀರ್ತಿ ಬಂತು. ನನಗೆ ಇಷ್ಟವಾಗುವುದು ಅದರ ಹೊಟ್ಟೆಯೊಳಗಿನ ಹಳ್ಳಿಗಳು. ಬಿನ್ನಮಂಗಲ, ಮೋಟಪ್ಪನಪಾಳ್ಯ, ದೂಪನಹಳ್ಳಿ, ಕೋಡಿಹಳ್ಳಿ. ಅಗಲ ರಸ್ತೆಯಿಂದ ಎರಡು ತಿರುವು ಒಳಗೆ ಹೋದರೆ ಅಶ್ವತ್ಥಕಟ್ಟೆ, ಮಾರಮ್ಮನ ಗುಡಿ, ಎಮ್ಮೆ ಕಟ್ಟಿದ್ದ ಗೂಟ ಇನ್ನೂ ಇರುವ ಅಂಗಳ ಸಿಗಬಹುದು. ಅಲ್ಲಿಯ ಚಿಕ್ಕ ಹೋಟೆಲಿನಲ್ಲಿ ನಿಂತು ಎರಡು ಇಡ್ಲಿ ಒಂದು ವಡೆ ತಿಂದು ಮತ್ತೆ ಮೆಟ್ರೊ ಹತ್ತಿದರೆ ಮುಂದಿನದೇ ಹಲಸೂರು.

ಹಲಸೂರಿಗೆ ಬಿಸಿಲೇರುವ ಮುಂಚೆ ಮುಟ್ಟಬೇಕು. ಧನುರ್ಮಾಸ ನಡೆಯುತ್ತಿರುತ್ತದೆ. ಸೋಮೇಶ್ವರನ ಗುಡಿಯಲ್ಲಿ ನಸುಕಿನ ಪೂಜೆ ಮುಗಿದು, ಮೆಣಸು ಶುಂಠಿ ಬಿದ್ದ ಹುಗ್ಗಿ ದೊನ್ನೆಯಲ್ಲಿ ಹಬೆಯಾಡುತ್ತಿರುತ್ತದೆ. ಇಡ್ಲಿ ತಿಂದು ಬಂದವನಿಗೂ ಬೇಡ ಎನ್ನಲಾಗುವುದಿಲ್ಲ. ಮಂಟಪದ 48 ಕಂಬಗಳ ನಡುವೆ ಕಲ್ಲು ಇನ್ನೂ ತಣ್ಣಗೆ ಕೊರೆಯುತ್ತಿರುತ್ತದೆ, ಕಂಬಕ್ಕೊರಗಿ ಕೂತು ತಿನ್ನಬೇಕು. ಕೈಲಾಸ ಎತ್ತಲು ಹೊರಟ ರಾವಣ ಇಲ್ಲಿನ ಕಲ್ಲಿನಲ್ಲಿದ್ದಾನೆ, ಗಿರಿಜಾ ಕಲ್ಯಾಣವೂ ಇದೆ. ಈ ಗುಡಿಗೊಂದು ಐತಿಹ್ಯ. ಯಲಹಂಕದ ನಾಡಪ್ರಭು ಮನೆತನದ ಗೌಡರೊಬ್ಬರು ಬೇಟೆಗೆ ಬಂದು, ದಣಿದು, ಮರದಡಿ ನಿದ್ದೆ ಹೋದರಂತೆ. ಕನಸಿನಲ್ಲಿ ಸೋಮೇಶ್ವರ ಬಂದು ಇಲ್ಲೇ ನಿಧಿಯಿದೆ, ತೆಗೆದು ಗುಡಿ ಕಟ್ಟು ಎಂದನಂತೆ. ಊರಿಗೆ ಬಂದ ಹೊಸಬನಿಗೆ ಮರದ ನೆರಳು, ನಿದ್ದೆ, ನಿಧಿ ಮೂರೂ ಒಂದೇ ಮಧ್ಯಾಹ್ನ ಸಿಕ್ಕಿದ ಕಾಲವೂ ಒಂದಿತ್ತು. ಈಗ ಹಲಸೂರಿನಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕರೆ ಅದೇ ನಿಧಿ.

ಗುಡಿಯಿಂದ ಹೊರಬಿದ್ದರೆ ಹೂವಿನವರು, ತೆಂಗಿನಕಾಯಿಯವರು, ಬಾಗಿಲಿಗೆ ಮಾರ್ಗಳಿ ತಿಂಗಳ ದೊಡ್ಡ ರಂಗೋಲಿ ಬಿಡಿಸುತ್ತಿರುವ ತಮಿಳು ಮನೆಯ ಹೆಣ್ಣುಮಕ್ಕಳು. ಅದೇ ಸಾಲಿನಲ್ಲಿ ರಂಗೋಲಿ ಇಲ್ಲದ ಬಾಗಿಲ ಮೇಲೆ ಕಾಗದದ ನಕ್ಷತ್ರ ತೂಗುತ್ತಿರುತ್ತದೆ. ಒಂದೆರಡು ಕಡೆ ಎರಡೂ ಇರುತ್ತವೆ. ಒಮ್ಮೆ ಕುತೂಹಲ ತಡೆಯಲಾರದೆ ಒಂದು ಮನೆಯವರನ್ನು ಕೇಳಿದ್ದೆ. "ಸ್ಟಾರು ಮಕ್ಕಳಿಗೆ ಬೇಕಂತೆ, ರಂಗೋಲಿ ಅತ್ತೆಗೆ ಬೇಕಂತೆ. ನನ್ನ ಯಾರ್ ಕೇಳ್ತಾರೆ?" ಎಂದರು ಆ ತಾಯಿ, ಪೊರಕೆ ಹಿಡಿದುಕೊಂಡೇ.

ಕೆರೆಯ ಕಡೆ ನಡೆದರೆ ಗಾಳಿ ಬದಲಾಗುತ್ತದೆ. ಸುಮಾರು 120 ಎಕರೆ ನೀರು, ನಡುವೆ ಪುಟ್ಟ ನಡುಗಡ್ಡೆಗಳು, ಆಚೆ ದಡಕ್ಕೆ ಸೇನೆಯ ಮದ್ರಾಸ್ ಸ್ಯಾಪರ್ಸ್ ಪಡೆಯ ಎಂಇಜಿ ಕೇಂದ್ರದ ಬೇಲಿ, ಆ ಬೇಲಿಯೊಳಗೆ ಬಂಡೆಯ ಮೇಲೆ ಕೆಂಪೇಗೌಡರ ಗಡಿಗೋಪುರ. ನಾಲ್ಕು ದಿಕ್ಕಿನ ಗೋಪುರಗಳಲ್ಲಿ ಪೂರ್ವದ್ದು ಇದು. ಊರು ಇಲ್ಲಿಗೆ ಮುಗಿಯುತ್ತದೆ ಎಂದು ಸಾರಲು ನಿಲ್ಲಿಸಿದ ಗೋಪುರ ಈಗ ಊರಿನ ಮಧ್ಯದಲ್ಲಿದೆ, ನಮ್ಮ ಕೆ.ಆರ್. ಪುರ ಅದರಿಂದ ಹತ್ತು ಕಿಲೋಮೀಟರ್ ಆಚೆ. ಕೆರೆ ದಂಡೆಯಲ್ಲೇ ಗುರುದ್ವಾರ. ಗುರು ಗೋವಿಂದ ಸಿಂಗರ ಜಯಂತಿ ಡಿಸೆಂಬರ್ ಕೊನೆಗೋ ಜನವರಿಗೋ ಬೀಳುತ್ತದೆ. ಅದು ಈ ವಾರದಲ್ಲೇ ಬಿದ್ದರೆ ಲಂಗರಿನ ದಾಲ್ ರೊಟ್ಟಿಯೂ ನನ್ನ ದಾರಿಗೆ ಸೇರುತ್ತದೆ.

ಕೆರೆಯ ಬಳಿ ಕೂತಿರುವ ತಿರುವಳ್ಳುವರ್ ಬಗ್ಗೆ ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1991ರಲ್ಲಿ ಸಿದ್ಧವಾದ ಈ ವಿಗ್ರಹ 18 ವರ್ಷ ಮುಸುಕು ಹಾಕಿಕೊಂಡು ಕೂತಿತ್ತು. ಹೈಸ್ಕೂಲಿನಿಂದ ಮದುವೆಯಾಗುವವರೆಗೆ ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದು ಆ ಮುಸುಕನ್ನೇ. ಭಾಷೆಯ ಜಗಳ, ನೀರಿನ ಜಗಳ ಎಲ್ಲವೂ ಆ ಬಟ್ಟೆಯ ಮೇಲೆ ಧೂಳಾಗಿ ಕೂತಿದ್ದವು. 2009ರ ಆಗಸ್ಟ್ 9ರಂದು ಮುಸುಕು ಸರಿಯಿತು. ಅದಾಗಿ ನಾಲ್ಕೇ ದಿನಕ್ಕೆ ಚೆನ್ನೈಯಲ್ಲಿ ನಮ್ಮ ಸರ್ವಜ್ಞ ಎದ್ದು ಕೂತ. ಇಬ್ಬರೂ ಎರಡು ಮೂರು ಸಾಲಿನಲ್ಲಿ ಮಾತು ಮುಗಿಸುವವರು. ರಾಜಕಾರಣಿಗಳಿಗೆ ಹೆಚ್ಚು ಹೊತ್ತು ಹಿಡಿಯಿತು. ಈಗ ತಿರುವಳ್ಳುವರ್ ಕಾಲ ಬುಡದಲ್ಲಿ ವಾಕಿಂಗಿನ ಹಿರಿಯರು ಕನ್ನಡ, ತಮಿಳು, ತೆಲುಗು ಬೆರೆಸಿ ಪೆನ್ಷನ್ ಬಗ್ಗೆ ಮಾತಾಡುತ್ತಾರೆ.

ಚೀಲ ಭಾರವೆನಿಸುವುದು ಇಲ್ಲಿಂದ. ಗಂಗಾಧರ ಚೆಟ್ಟಿ ರಸ್ತೆ, ಡಿಕನ್ಸನ್ ರಸ್ತೆ ದಾಟಿ ಕಮರ್ಷಿಯಲ್ ಸ್ಟ್ರೀಟಿಗೆ ಹೊಕ್ಕರೆ ನಡೆಯುವುದೆಂದರೆ ಮುಂದಿನವರ ಬೆನ್ನು ನೋಡುತ್ತ ತೆವಳುವುದು. ಹೊಸ ಬಟ್ಟೆಯ ಗಂಜಿ ವಾಸನೆ, ಭುಟ್ಟಾ ಸುಡುವ ಹೊಗೆ, ಟೈಲರ್ ಅಂಗಡಿಯ ಮುಂದೆ "ನಾಳೆ ಮಾಸ್‌ಗೆ ಬೇಕು ಅಂದಿದ್ದೆ ಅಲ್ವಾ ಭಾಯ್?" ಎಂದು ಅಳುವ ಧ್ವನಿಯಲ್ಲಿ ಜಗಳವಾಡುವ ಹುಡುಗಿ. ಟೈಲರ್ ಭಾಯ್ ತಲೆ ಎತ್ತದೆ ಹೊಲಿಗೆ ಹಾಕುತ್ತಲೇ "ಆಯ್ತು ತಂಗಿ, ರಾತ್ರಿ ಪ್ರಾರ್ಥನೆ ಶುರು ಆಗೋದು ಲೇಟು" ಎನ್ನುತ್ತಾನೆ. ಯಾವ ಇಗರ್ಜಿಯ ಪೂಜೆ ಎಷ್ಟು ಹೊತ್ತಿಗೆ ಎಂಬುದು ಶಿವಾಜಿನಗರದ ಟೈಲರ್‌ಗಳಿಗೆ ಪಾದ್ರಿಗಳಷ್ಟೇ ಚೆನ್ನಾಗಿ ಗೊತ್ತು.

ಶಿವಾಜಿನಗರ ಮೊದಲು ಬ್ಲ್ಯಾಕ್‌ಪಲ್ಲಿ. ಬಿಳಿ ಅಕ್ಕಿ ಬೆಳೆಯುತ್ತಿದ್ದ ಹಳ್ಳಿ, ಬಿಳಿ ಅಕ್ಕಿ ಪಳ್ಳಿ, ಇಂಗ್ಲಿಷರ ಬಾಯಿಗೆ ಬಿದ್ದು ಬ್ಲ್ಯಾಕ್‌ಪಲ್ಲಿಯಾಯಿತು ಎನ್ನುತ್ತಾರೆ. ಬಿಳಿ ಹೋಗಿ ಬ್ಲ್ಯಾಕ್ ಆದದ್ದನ್ನು ನೆನೆದರೆ ಈ ಕಥೆ ನಿಜವಿರಲಿ ಎಂದು ಆಸೆಯಾಗುತ್ತದೆ. ಆ ಹಳ್ಳಿಯ ಇಗರ್ಜಿಯೇ ಸೇಂಟ್ ಮೇರಿ ಬೆಸಿಲಿಕಾ. ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಹುಲ್ಲಿನ ಚಾವಣಿಯ ಪ್ರಾರ್ಥನಾಮಂದಿರವಾಗಿ ಶುರುಮಾಡಿದ್ದು, ಈಗಿರುವ ಗಾಥಿಕ್ ಕಟ್ಟಡ 1882ರದ್ದು. ಒಳಗಿರುವ ಮಾತೆ ಸೀರೆ ಉಟ್ಟಿದ್ದಾಳೆ. ಸೆಪ್ಟೆಂಬರ್ 8ರ ಜಾತ್ರೆಗೆ ತೇರು ಎಳೆದಾಗ ಈ ರಸ್ತೆಯಲ್ಲಿ ಕಾಲಿಡಲು ಆಗುವುದಿಲ್ಲ. ಕ್ರಿಸ್‌ಮಸ್ ಅದಕ್ಕಿಂತ ಸ್ವಲ್ಪ ಮೆತ್ತಗೆ. ಹೊರಗಿನ ಕಟ್ಟೆಯ ಮೇಲೆ ಮೇಣದಬತ್ತಿ ಕರಗಿ ಕರಗಿ ಹರಿದಿರುತ್ತದೆ. ಬುರ್ಖಾ ತೊಟ್ಟ ತಾಯಿ ಹುಷಾರಿಲ್ಲದ ಮಗುವಿನ ಕೈಯಿಂದ ಬತ್ತಿ ಹಚ್ಚಿಸುತ್ತಾಳೆ, ಕುಂಕುಮದ ಹೆಂಗಸು ಮಲ್ಲಿಗೆ ದಂಡೆ ಕೊಟ್ಟು ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಾಳೆ. ನಾನೂ ಚೀಲ ಕೆಳಗಿಟ್ಟು ಒಂದು ಬತ್ತಿ ಹಚ್ಚುತ್ತೇನೆ. ಏನು ಬೇಡಿಕೊಂಡೆ ಎಂದು ಮನೆಯಲ್ಲಿ ಕೇಳುವುದಿಲ್ಲ, ನಾನು ಹೇಳುವುದೂ ಇಲ್ಲ.

ಹೊರಗಿನ ಫುಟ್‌ಪಾತೇ ನಿಜವಾದ ಗೋದಲಿ. ಗೋದಲಿ ಎಂದರೆ ಬಾಲಯೇಸು ಹುಟ್ಟಿದ ದನದ ಕೊಟ್ಟಿಗೆಯ ಬೊಂಬೆ ಜೋಡಣೆ, ಕನ್ನಡ ಕ್ರೈಸ್ತರ ಮಾತು. ಕುರಿ ಕಾಯುವವರು, ಒಂಟೆ, ಮೂವರು ಜ್ಞಾನಿಗಳು ತಳ್ಳುಗಾಡಿಯ ಮೇಲೆ ರಾಶಿ ಬಿದ್ದಿರುತ್ತಾರೆ. ಜೋಸೆಫ್ ಒಬ್ಬನೇ ಬೇಕೆಂದರೆ ಒಬ್ಬನನ್ನೇ ಕೊಡುತ್ತಾರೆ. "ಹೋದ ವರ್ಷದ್ದು ಬೆಕ್ಕು ಒಡೆದುಹಾಕ್ತು" ಎಂದು ಕುರಿ ಮಾತ್ರ ಹುಡುಕುವ ಗಿರಾಕಿಗಳಿಗೆ ಕೊರತೆಯಿಲ್ಲ. ನಕ್ಷತ್ರ ಮಾರುವವನು ಟೋಪಿ ತೊಟ್ಟ ಸಾಬರ ಹುಡುಗ. ಗಣೇಶನ ಹಬ್ಬಕ್ಕೆ ಮಂಟಪದ ಥರ್ಮಾಕೋಲ್, ರಂಜಾನಿಗೆ ಖರ್ಜೂರ, ಈಗ ಸ್ಟಾರು. ಅವನ ಕ್ಯಾಲೆಂಡರಿನಲ್ಲಿ ಬಿಡುವೇ ಇಲ್ಲ.

ಎದುರಿಗೆ ರಸೆಲ್ ಮಾರ್ಕೆಟ್. 1927ರಲ್ಲಿ ಕಟ್ಟಿದ್ದು, ಅಂದಿನ ಮುನಿಸಿಪಲ್ ಕಮಿಷನರ್ ರಸೆಲ್ ಹೆಸರು. ಗಡಿಯಾರದ ಗೋಪುರ, ಕಮಾನಿನ ಬಾಗಿಲು, ಒಳಗೆ ಮೇಲಿನ ಗಾಜಿನಿಂದ ಬೀಳುವ ಬೆಳಕಿನಲ್ಲಿ ತರಕಾರಿಯೆಲ್ಲ ಚಿತ್ರದಲ್ಲಿದ್ದಂತೆ ಕಾಣುತ್ತದೆ. 2012ರಲ್ಲಿ ಬೆಂಕಿ ಬಿದ್ದು ಎಷ್ಟೋ ಮಳಿಗೆ ಸುಟ್ಟವು. ಅದರ ಬೆನ್ನಿಗೇ ವ್ಯಾಪಾರಿಗಳು ತಾವೇ ನಿಂತು ತಟ್ಟೆ ತಕ್ಕಡಿ ಜೋಡಿಸಿಕೊಂಡರು. ಅಜ್ಜನ ಕಾಲದಿಂದ ಅದೇ ಮಳಿಗೆಯಲ್ಲಿ ಕೂತವರಿದ್ದಾರೆ. ಒಣಹಣ್ಣಿನ ಅಂಗಡಿಗಳಲ್ಲಿ ಈ ವಾರ ಮಾತೆಲ್ಲ ಕೇಕಿನದ್ದೇ. ಕರಿದ್ರಾಕ್ಷಿ, ಬಿಳಿದ್ರಾಕ್ಷಿ, ಟೂಟಿಫ್ರೂಟಿ, ಜಾಯಿಕಾಯಿ. ಮುಂಚೆಯೇ ರಮ್ಮಿನಲ್ಲಿ ನೆನೆಹಾಕಿಟ್ಟವರು ಗತ್ತಿನಲ್ಲಿ ಓಡಾಡುತ್ತಾರೆ, ನೆನೆಹಾಕದೆ 24ಕ್ಕೆ ಬಂದವರ ಮುಖದಲ್ಲೇ ಅಪರಾಧ ಕಾಣುತ್ತದೆ. ನಾನು ಅಲ್ಲಿ ಒಂದೇ ಒಂದು ಸಾಮಾನು ಕೊಳ್ಳುತ್ತೇನೆ, ಪೇಠ, ಕಾಲು ಕಿಲೋ. ಅಂಗಡಿಯ ಹಿರಿಯರು ನನ್ನ ಚೀಲ ಮೂಸಿ ನೋಡಿ, "ಏ ಕ್ಯಾ, ಅವರೆ? ನಮಗಿಲ್ಲವಾ?" ಎನ್ನುತ್ತಾರೆ. ಪ್ರತಿ ವರ್ಷ ಎರಡು ಹಿಡಿ ಅಲ್ಲಿ ಇಳಿಯುತ್ತದೆ. ಕೀಮಾದ ಜತೆ ಅವರೆಬೇಳೆ ಹಾಕುವ ಅವರ ಮನೆಯ ಅಡುಗೆಯ ವಿವರ ಕೇಳುತ್ತ ನಿಂತರೆ ಊಟದ ಹೊತ್ತು ಮೀರುತ್ತದೆ.

ಹಾಗೆ ಮೀರಿದ ಹೊತ್ತನ್ನು ಸರಿಪಡಿಸಲೆಂದೇ ಫ್ರೇಜರ್ ಟೌನ್ ಇದೆ. 1898ರ ಪ್ಲೇಗಿನಲ್ಲಿ ಇಕ್ಕಟ್ಟಾದ ಬ್ಲ್ಯಾಕ್‌ಪಲ್ಲಿ ತತ್ತರಿಸಿದ ಮೇಲೆ ಗಾಳಿ ಬೆಳಕಿನ ಹೊಸ ಬಡಾವಣೆ ಬೇಕೆಂದು 1906ರ ಹೊತ್ತಿಗೆ ಕಟ್ಟಲು ತೊಡಗಿದ ಊರಿದು. ಮೈಸೂರಿನ ಅರಸರಿಗೆ ಪಾಠ ಹೇಳಿ ಮುಂದೆ ರೆಸಿಡೆಂಟ್ ಆದ ಸ್ಟುವರ್ಟ್ ಫ್ರೇಜರ್ ಹೆಸರು ಇಟ್ಟರು. ಆಮೇಲೆ ಅದು ಪುಲಕೇಶಿನಗರವಾಯಿತು. ಇಮ್ಮಡಿ ಪುಲಕೇಶಿಯ ಮೇಲೆ ನನಗೆ ಗೌರವವಿದೆ, ಆದರೆ ಆಟೊದವನಿಗೆ ಆ ಹೆಸರು ಹೇಳಿ ಮೊಸ್ಕ್ ರೋಡು ಮುಟ್ಟಿದವರನ್ನು ನಾನು ಕಂಡಿಲ್ಲ.

ಮೊಸ್ಕ್ ರೋಡಿನಲ್ಲಿ ಆಲ್ಬರ್ಟ್ ಬೇಕರಿ. 1902ರಿಂದ ಇದೆ. ಬೆಳಿಗ್ಗೆಯೆಲ್ಲ ಬಾಗಿಲು ಹಾಕಿಕೊಂಡಿದ್ದು ಮಧ್ಯಾಹ್ನದ ಮೇಲೆ ತೆರೆಯುತ್ತದೆ, ತೆರೆಯುವ ಮುಂಚೆಯೇ ಸಾಲು ನಿಂತಿರುತ್ತದೆ. ರಂಜಾನಿನಲ್ಲಿ ಖೋವಾ ನಾನ್‌ಗೆ, ಶುಭ ಶುಕ್ರವಾರದ ಮುಂಚೆ ಶಿಲುಬೆಯ ಗುರುತಿನ ಬನ್ನಿಗೆ, ಈಗ ಪ್ಲಮ್ ಕೇಕಿಗೆ ಮತ್ತು ಬಾದಾಮಿಯ ಮಾರ್ಜಿಪಾನಿಗೆ. ಸಾಲು ಮಾತ್ರ ಅದೇ, ಸಾಲಿನಲ್ಲಿ ನಿಂತವರೂ ಬಹುಪಾಲು ಅವರೇ. ದಂಡಿನ ಹಬ್ಬ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ಸಾಲಿನಲ್ಲಿ ನಿಲ್ಲಿಸುತ್ತೇನೆ. ಮುಂದೆ ರಿಚರ್ಡ್ಸ್ ಟೌನಿನ ಆಂಗ್ಲೊ ಇಂಡಿಯನ್ ಅಜ್ಜ, ಹಿಂದೆ ಟ್ಯಾನರಿ ರೋಡಿನ ಮೂವರು ಹುಡುಗರು, ನಡುವೆ ಅವರೆಕಾಯಿ ಚೀಲದ ನಾನು. ಅಜ್ಜ ನನಗೆ ಕ್ರಿಸ್‌ಮಸ್ ತಿಂಡಿ ಕಲ್‌ಕಲ್ ಹೇಗೆ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಬೇಕೆಂದು ವಿವರಿಸಿದರು, ನಾನು ಅವರಿಗೆ ಅವರೆ ಹಿತಕುವುದನ್ನು ವಿವರಿಸಿದೆ. ಎರಡೂ ಹೆಬ್ಬೆರಳಿನ ಕೆಲಸವೇ ಎಂದು ಇಬ್ಬರೂ ಒಪ್ಪಿದೆವು. ಇಲ್ಲಿಯ ಮಿದುಳು ತುಂಬಿದ ಭೇಜಾ ಪಫ್ ನಾನು ಕಾಲೇಜಿನ ದಿನಗಳಿಂದ ತಿನ್ನುತ್ತಿದ್ದೇನೆ. ಅಮ್ಮ ಇರುವವರೆಗೂ ಅದನ್ನು ಆಲೂ ಪಫ್ ಎಂದೇ ನಂಬಿದ್ದಳು. ಅಥವಾ ನಂಬಿದಂತೆ ಇದ್ದಳು.

ಸಾಲು ಕರಗುವ ಹೊತ್ತಿಗೆ ಹೊತ್ತು ಇಳಿದಿರುತ್ತದೆ. ಕೋಲ್ಸ್ ಪಾರ್ಕಿನ ಬೆಂಚಿನ ಮೇಲೆ ಸ್ವಲ್ಪ ಕೂತು ಪಫ್ಸಿನ ಪುಡಿ ಕೊಡವಿಕೊಳ್ಳುತ್ತೇನೆ. ಸೇಂಟ್ ಫ್ರಾನ್ಸಿಸ್ ಝೇವಿಯರ್ ಕೆಥೆಡ್ರಲ್ಲಿನ ಕಲ್ಲಿನ ಗುಮ್ಮಟದ ಹಿಂದೆ ಆಕಾಶ ಕೆಂಪಾಗುತ್ತದೆ. ಪಿಕಪ್ ವ್ಯಾನಿನ ಹಿಂದೆ ಗಿಟಾರು, ಡೋಲು ಹಿಡಿದ ಹುಡುಗರು ಸಾಂತಾ ಟೋಪಿ ತೊಟ್ಟು ಹಾಡುತ್ತ ಹೋಗುತ್ತಾರೆ, ಹಾಡು ತಮಿಳಿನಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ, ಡ್ರೈವರು ಹಂಪು ಹಾರಿಸಿದ್ದಕ್ಕೆ. ಬ್ರಿಗೇಡ್ ರಸ್ತೆಯಲ್ಲಿ ಡಿಸೆಂಬರ್ 31ರ ನಡುರಾತ್ರಿ ಏನಾಗುತ್ತದೆಂದು ನೀವು ಟಿವಿಯಲ್ಲಿ ನೋಡಿಯೇ ಇರುತ್ತೀರಿ. ನನಗೆ ಈ ವ್ಯಾನು ಸಾಕು.

ಅಲ್ಲಿಂದ ರೈಲು ಹಳಿ ದಾಟಿ ಲಿಂಗರಾಜಪುರ. ಟೀಚರ್ ಆಂಟಿ ಈಗ ಮಗಳ ಮನೆಯಲ್ಲಿದ್ದಾರೆ. ಅಂಕಲ್ ಹೋಗಿ ವರ್ಷಗಳಾದವು. ಆಂಟಿಗೆ ಕಣ್ಣು ಮಂದ, ಕಿವಿ ಚುರುಕು, ಮೂಗು ಇನ್ನೂ ಚುರುಕು. ಹೋದ ಸಲ ಮೆಟ್ಟಿಲು ಹತ್ತುವಷ್ಟರಲ್ಲೇ ಒಳಗಿನಿಂದ ಕೂಗು ಬಂತು.

"ವಂದಾಚ್ಚಾ? ಕಣ್ಣಾ, ಈ ಸಲ ಸೊಗಡು ಜೋರಿದೆ ಅಲ್ಲ?"

"ಮೆಟ್ರೊದಲ್ಲಿ ಒಬ್ಬಳು ಎದ್ದು ಓಡಿಹೋದಳು ಆಂಟಿ."

"ಓಡ್ಲಿ ಬಿಡು, ಊರಿಗೆ ಹೊಸಬಳಿರ್ತಾಳೆ."

ಚೀಲ ಬಿಚ್ಚಿ ಪೇಪರಿನ ಮೇಲೆ ಸುರಿದೆವು. ಮಗಳು, ಮೊಮ್ಮಕ್ಕಳು ಎಲ್ಲ ಸುತ್ತ ಕೂತರು. ಗೋದಲಿಯ ಪಕ್ಕದಲ್ಲೇ ಸಿಪ್ಪೆಯ ರಾಶಿ ಬೆಳೆಯಿತು. ಕಾಳು ಬಿಡಿಸಿ ನೆನೆಹಾಕಿ, ನಡುರಾತ್ರಿಯ ಪೂಜೆಗೆ ಹೋಗಿಬಂದು, ಬೆಳಿಗ್ಗೆ ಎದ್ದು ಹಿತಕಬೇಕು. ಕ್ರಿಸ್‌ಮಸ್ ಮಧ್ಯಾಹ್ನಕ್ಕೆ ಬಿರಿಯಾನಿಯ ಪಕ್ಕದಲ್ಲಿ ಹಿತಕಿದ ಬೇಳೆ ಸಾರು. ಅಮ್ಮ ಆ ಕಾಲದಲ್ಲಿ ಕಲಿಸಿಕೊಟ್ಟದ್ದು, ಈ ಮನೆಯಲ್ಲಿ ಇನ್ನೂ ನಿಂತಿಲ್ಲ.

ಅಡುಗೆಮನೆಯಿಂದ ಕೇಕ್ ಬಂತು, ಟಿನ್ನಿನ ಸಮೇತ. ಅದೇ ಟಿನ್. ಅಂಚು ನೆಗ್ಗಿದೆ, ತಳ ಕಪ್ಪಾಗಿದೆ. ಈಗ ಮನೆಯಲ್ಲಿ ದೊಡ್ಡ ಓವನ್ ಇದೆ, ಅಚ್ಚುಕಟ್ಟಾದ ಪಾತ್ರೆಗಳಿವೆ, ಆದರೂ ಕ್ರಿಸ್‌ಮಸ್ ಕೇಕ್ ಇದರಲ್ಲೇ ಆಗಬೇಕು. ಪೇಠ ಜಾಸ್ತಿ, ಗೋಡಂಬಿ ಇಲ್ಲ. ನಾನು ತಂದ ಕಾಲು ಕಿಲೋ ಮುಂದಿನ ವರ್ಷಕ್ಕೆಂದು ಡಬ್ಬಿ ಸೇರಿತು.

"ಅಜ್ಜಿ, ಈ ಟಿನ್ ಯಾರದ್ದು ಅಂತ ಗೊತ್ತಾಯ್ತಾ?" ಎಂದು ಚಿಕ್ಕ ಮೊಮ್ಮಗ ಕೇಳಿದ. ಕಥೆ ಅವನಿಗೂ ಬಾಯಿಪಾಠ.

ಆಂಟಿ ಟಿನ್ನನ್ನು ತಿರುಗಿಸಿ, ತಳವನ್ನು ಹೆಬ್ಬೆರಳಿನಿಂದ ಸವರಿದರು. "ಇಲ್ಲ ಕಣ್ಣಾ. ಇಲ್ಲೇ ಎಲ್ಲೋ ಇರ್ತಾರೆ. ನಮ್ಮದು ಅವರ ಹತ್ರ ಇರುತ್ತೆ."

ಕೆಳಗೆ ರಸ್ತೆಯಲ್ಲಿ ವ್ಯಾನು ಬಂದು ನಿಂತಿತು. ಹುಡುಗರು ಡೋಲಿನ ಹಗ್ಗ ಬಿಗಿಯುತ್ತಿದ್ದರು. ಆಂಟಿ ಕೈಗೆ ಸಿಕ್ಕಿದ ಕಾಯಿ ಬಿಡಿಸುತ್ತ, ಎರಡು ಕಾಳು ಇತ್ತ, ಹುಳುಕಿನದ್ದು ಅತ್ತ ಹಾಕಿದರು.